ಮಂಚದ ತಲೆಗಡೆಯಿಂದ ಕಾಲುಗಡೆಗೆ

ಸೂಲಗಿತ್ತಿಯರ ತರಬೇತಿ ಮತ್ತು ನೋಂದಣಿ ಕಚೇರಿಯ ಅಧಿಕಾರಿಗಳಿಗೆ,

‘ಮಾನ್ಯರೇ’ ಎಂದು ಶುರುಮಾಡಬೇಕು ಎನ್ನುವುದು ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ ನನಗೂ ಗೊತ್ತು. ಹಾಗೆಯೇ ಶುರುಮಾಡಿದ್ದೇನೆ ಎಂದು ತಿಳಿದುಕೊಳ್ಳಿ. ಕುಶಲ ವಿಚಾರಿಸಲು ನನಗೆ ಪುರುಸೊತ್ತಿಲ್ಲ, ಉಳಿದಿರುವುದು ಹನ್ನೆರಡೇ ದಿನ. ತಾವು ನನ್ನ ತಂಗಿಯ ಮಗಳ ಅರ್ಜಿಯನ್ನು ವಜಾ ಮಾಡಿದ್ದೀರಿ. ‘ಪರವಾನಗಿಯಿಲ್ಲದೆ ನೂರಾ ಹನ್ನೆರಡು ಹೆರಿಗೆ ಮಾಡಿಸಿರುವುದಾಗಿ ಅರ್ಜಿದಾರರು ಕಾಲಂ ಹದಿನಾಲ್ಕರಲ್ಲಿ ಸ್ವತಃ ಒಪ್ಪಿಕೊಂಡಿರುವುದರಿಂದ ಐದು ವರ್ಷ ತರಬೇತಿಗೆ ಅನರ್ಹರು’ ಎಂದು ಹಿಂಬರಹ ಕಳಿಸಿದ್ದೀರಿ. ಅವಳಿಗೀಗ ಮೂವತ್ತನಾಲ್ಕು ವರ್ಷ, ಹತ್ತು ತಿಂಗಳು. ತಮ್ಮ ತರಬೇತಿಗೆ ಸೇರಲು ಮೂವತ್ತೈದು ದಾಟಿರಬಾರದು. ಐದು ವರ್ಷ ಎಂದು ಬರೆಯುವ ಬದಲು ‘ಈ ಜನ್ಮದಲ್ಲಿ ಬೇಡ’ ಎಂದೇ ಬರೆದಿದ್ದರೆ ತಮ್ಮ ಶಾಯಿಯೂ ಉಳಿಯುತ್ತಿತ್ತು, ನಮಗೂ ಲೆಕ್ಕ ಹಾಕುವ ಕೆಲಸ ತಪ್ಪುತ್ತಿತ್ತು.

ಕಾಲಂ ಹದಿನಾಲ್ಕರಲ್ಲಿ ಇರುವುದು ಸುಳ್ಳು. ಅದನ್ನು ಬರೆದವರು ಯಾರು ಎಂಬುದನ್ನು ಮುಂದೆ ಹೇಳುತ್ತೇನೆ. ಹೇಳಲು ಧೈರ್ಯ ಬೇಕು, ಧೈರ್ಯ ಕೂಡಿಸಿಕೊಳ್ಳಲು ನನಗೆ ಒಂದೆರಡು ಪ್ಯಾರಾ ಬೇಕು.

ಮೊದಲು ನಾನು ಯಾರು ಎಂದು ತಿಳಿಸುವುದು ವಾಡಿಕೆ. ತಾವು ನನ್ನನ್ನು ನೋಡಿಲ್ಲದಿರಬಹುದು, ನನ್ನ ಕೈಬರಹವನ್ನು ದಿನಾ ನೋಡುತ್ತೀರಿ. ತಮ್ಮ ಕಚೇರಿಯ ಹೊರಬಾಗಿಲ ಮೇಲಿನ ಬೋರ್ಡು ನಾನು ಬರೆದದ್ದು. ಒಂಬತ್ತು ಇಂಚಿನ ಅಕ್ಷರ, ನೀಲಿಯ ಮೇಲೆ ಬಿಳಿ, ಹದಿನಾರು ವರ್ಷವಾದರೂ ಒಂದು ಒತ್ತಕ್ಷರದ ಬಣ್ಣ ಎದ್ದಿಲ್ಲ. ಒಳಗೆ ಮೊದಲ ಕಿಟಕಿಯ ಮೇಲಿರುವ ‘ವಿಚಾರಣೆ’ ಕೂಡ ನನ್ನದೇ. ಕಳೆದ ಮೂರು ವಾರದಲ್ಲಿ ಆ ಬೋರ್ಡಿನ ಕೆಳಗೆ ಆರು ಸಲ ನಿಂತೆ. ಒಬ್ಬರೂ ಏನೆಂದು ವಿಚಾರಿಸಲಿಲ್ಲ. ಬರೆದವನಿಗೇ ಉಪಯೋಗಕ್ಕೆ ಬಾರದ ಬೋರ್ಡು ಅದೊಂದೇ ಇರಬೇಕು. ಈ ಪಟ್ಟಣದ ಬೇಕರಿ, ಔಷಧಿ ಅಂಗಡಿ, ಸೈಕಲ್ ರಿಪೇರಿ, ಹಲ್ಲಿನ ಡಾಕ್ಟರು ಎಲ್ಲರ ಹಣೆಬರಹವನ್ನೂ ಬರೆದವನು ನಾನು. ಅಂಗಡಿಯ ಹಣೆ ಎನ್ನುವ ಅರ್ಥದಲ್ಲಿ ಹೇಳುತ್ತಿದ್ದೇನೆ. ಊರ ಶಾಲೆಯಲ್ಲಿ ಕಾಪಿ ಬರೆಯುವುದರಲ್ಲಿ ಏಳು ವರ್ಷವೂ ನಾನೇ ಮೊದಲಿಗ. ಲೆಕ್ಕದಲ್ಲಿ ಎಷ್ಟನೆಯವನು ಎಂದು ಕೇಳಬೇಡಿ.

ಈಗ ಅವಳ ವಿಷಯ. ಹೆರಿಗೆ ಕೋಣೆಯಲ್ಲಿ ಮಂಚಕ್ಕೆ ಎರಡು ಕಡೆ ಇರುತ್ತದೆ ಎನ್ನುವುದು ತಮಗೆ ಗೊತ್ತಿರಬಹುದು. ಕಾಲುಗಡೆ ಸೂಲಗಿತ್ತಿ ನಿಲ್ಲುತ್ತಾಳೆ. ಮಗು ಬರುವುದು ಅಲ್ಲಿಗೆ, ಅದನ್ನು ಹಿಡಿಯುವುದು ಅವಳ ಕೈ. ತಲೆಗಡೆ ನಿಲ್ಲುವವಳು ಜೊತೆಗಾತಿ, ಓದಿದವರು ಡೂಲಾ ಎನ್ನುತ್ತಾರಂತೆ. ಅವಳು ಬೆನ್ನು ನೀವುತ್ತಾಳೆ, ತುಟಿಗೆ ನೀರು ಮುಟ್ಟಿಸುತ್ತಾಳೆ, ಉಸಿರು ಎಣಿಸುತ್ತಾಳೆ, ‘ಆಗಲ್ಲ ನನ್ನ ಕೈಲಿ’ ಎಂದು ಕೂಗುವವಳ ಕಿವಿಗೆ ಬಾಯಿಟ್ಟು ‘ಆಗ್ತಾ ಇದೆ ಕಣೇ, ನೋಡು’ ಎನ್ನುತ್ತಾಳೆ. ನನ್ನ ತಂಗಿಯ ಮಗಳು ಹನ್ನೊಂದು ವರ್ಷ ತಲೆಗಡೆ ನಿಂತವಳು. ಈ ಪಟ್ಟಣದ ಅರ್ಧ ತಾಯಂದಿರು ಅವಳನ್ನು ಕರೆಯುವುದೇ ‘ತಲೆಗಡೆ ಅಕ್ಕ’ ಎಂದು. ಆಸ್ಪತ್ರೆಯವರು ಯಾವುದಾದರೂ ಒಪ್ಪಿಗೆ ಪತ್ರ ತಂದರೆ, ಎಷ್ಟೇ ಅವಸರವಿರಲಿ, ‘ತಾಳಿ, ಓದಿ ಹೇಳ್ತೀನಿ. ಓದದೆ ಸಹಿ ಹಾಕಬೇಡ ತಾಯಿ’ ಎಂದು ಗಟ್ಟಿಯಾಗಿ ಓದಿದ ಮೇಲೆಯೇ ಪೆನ್ನು ಕೊಡುವವಳು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನನಗಂತೂ ಮರೆಯಲು ಆಗುತ್ತಿಲ್ಲ.

ಗಿಡಮೂಲಿಕೆಯ ಬಗ್ಗೆಯೂ ತಮ್ಮ ಹಿಂಬರಹದಲ್ಲಿ ಕೊಂಕು ಇದೆ. ನನ್ನ ತಾಯಿ, ಅಂದರೆ ಅವಳ ಅಜ್ಜಿ, ಹೇಳಿಕೊಟ್ಟ ವಿದ್ಯೆ ಅದು. ಹಿಂದಿನ ಕೋಣೆಯಲ್ಲಿ ನಲವತ್ತಮೂರು ಗಾಜಿನ ಭರಣಿ. ಪುದೀನ, ಸೋಂಪು, ಒಣಶುಂಠಿ, ನನಗೆ ಹೆಸರೇ ಬಾಯಿಗೆ ಬಾರದ ಬೇರುಗಳು. ನಾಲ್ಕು ವರ್ಷದ ಕೆಳಗೆ ಒಂದು ದಿನ ನನ್ನನ್ನು ಕರೆದು, ‘ಮಾವ, ಕೆಂಪು ಬಣ್ಣ ತಗೊಂಡು ಬಾ’ ಎಂದಳು. ಮೂಲಿಕೆಯ ಪುಸ್ತಕಗಳನ್ನು ತರಿಸಿ ಓದಿ, ಆಸ್ಪತ್ರೆಯ ಹಿರಿಯ ಸೂಲಗಿತ್ತಿಯನ್ನು ಕೇಳಿ, ಹತ್ತೊಂಬತ್ತು ಭರಣಿ ಬೇರೆ ಎತ್ತಿಟ್ಟಿದ್ದಳು. ಅವುಗಳ ಮೇಲೆ ‘ಬಸುರಿಯರಿಗೆ ಬೇಡ’ ಎಂದು ನನ್ನಿಂದ ಬರೆಸಿದಳು. ನಾನು ‘ಅಜ್ಜಿ ಕೊಡ್ತಿದ್ದಳಲ್ಲೇ’ ಎಂದೆ. ‘ಕೊಡ್ತಿದ್ದಳು. ಯಾರಿಗೆ ಏನಾಯ್ತು ಅಂತ ಬರೆದಿಟ್ಟಿದ್ದಳಾ?’ ಎಂದಳು. ಅಜ್ಜಿಯ ಔಷಧಿಯನ್ನೇ ಅನುಮಾನದಿಂದ ನೋಡಿದವಳನ್ನು ತಾವು ನಾಟಿ ವೈದ್ಯದ ಮರುಳಿ ಎಂದಿರಿ. ಬಾಡಿಗೆ ಮನೆಯವರ ಸೊಸೆ ದಿನ ತುಂಬಿದರೂ ನೋವು ಬರಲಿಲ್ಲವೆಂದು ‘ಏನಾದ್ರೂ ಕಷಾಯ ಕೊಡಕ್ಕಾ’ ಎಂದು ಬಂದಾಗ, ಅವಳ ಕಾಲು, ಮುಖ ಊದಿದ್ದನ್ನು ನೋಡಿ, ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದವಳು ಇವಳು. ರಕ್ತದೊತ್ತಡ ನೆತ್ತಿಗೇರಿತ್ತಂತೆ. ಕಷಾಯ ಕುಡಿಸಿ ಕೂರಿಸಿದ್ದರೆ ಇವತ್ತು ಆ ಮನೆಯಲ್ಲಿ ಎರಡು ಜೀವ ಕಡಿಮೆ ಇರುತ್ತಿದ್ದವು.

ಹಾಗಿದ್ದವಳು ತಲೆಗಡೆಯಿಂದ ಕಾಲುಗಡೆಗೆ ಬರಬೇಕೆಂದು ಏಕೆ ಹಟ ಹಿಡಿದಳು? ಅದು ನನ್ನ ವ್ಯಾನಿನಲ್ಲಿ ನಡೆದದ್ದು. ಏಣಿ, ಬಣ್ಣದ ಡಬ್ಬಿ ಸಾಗಿಸುವ ವ್ಯಾನು. ಮೂರು ವರ್ಷದ ಹಿಂದೆ, ನಡುಮಧ್ಯಾಹ್ನ. ದರ್ಜಿಯ ಹೆಂಡತಿಗೆ ಎರಡನೆಯ ಹೆರಿಗೆ. ಆಂಬುಲೆನ್ಸ್ ಬರುವುದು ತಡವೆಂದು ನನ್ನ ವ್ಯಾನು ಹೊರಟಿತು. ಸೇತುವೆಯ ಮೇಲೆ ಲಾರಿಯೊಂದು ಅಡ್ಡ ನಿಂತು ಹಿಂದೆ ಮುಂದೆ ಅಲ್ಲಾಡುವಂತಿಲ್ಲ. ಹಿಂದಿನಿಂದ ದರ್ಜಿಯ ಹೆಂಡತಿ ಕೂಗಿದ ಕೂಗಿಗೆ ನನ್ನ ಜೀವ ಬಾಯಿಗೆ ಬಂತು. ಇವಳು ಫೋನಿನಲ್ಲಿ ಹಿರಿಯ ಸೂಲಗಿತ್ತಿಯನ್ನು ಹಿಡಿದಳು. ಆ ಅಮ್ಮ ಆಸ್ಪತ್ರೆಯಿಂದಲೇ ಒಂದೊಂದಾಗಿ ಹೇಳುತ್ತಾ ಹೋದರು. ಮಗು ಬಂತು. ಅದನ್ನು ಹೆತ್ತವಳೇ ಕೈ ಚಾಚಿ ಹಿಡಿದಳು, ಇವಳು ತಲೆಗಡೆಯೇ ಇದ್ದಳು.

ಬಂದ ಮಗು ಅಳಲಿಲ್ಲ. ‘ಒರೆಸು, ಬೆನ್ನು ಉಜ್ಜು, ಇನ್ನೂ ಉಜ್ಜು’ ಎಂದು ಫೋನು ಕೂಗುತ್ತಿತ್ತು. ನಾನು ಸ್ಟೀರಿಂಗ್ ಹಿಡಿದು ಕಣ್ಣು ಮುಚ್ಚಿ ಗಟ್ಟಿಯಾಗಿ ಎಣಿಸುತ್ತಿದ್ದೆ. ಮೂವತ್ತನಾಲ್ಕಕ್ಕೆ ಅತ್ತಿತು. ಆ ಮಗು ಈಗ ನಮ್ಮ ಬೀದಿಯಲ್ಲಿ ನನ್ನ ಬ್ರಷ್ಷು ಕದ್ದು ಓಡುತ್ತದೆ. ಅದನ್ನು ನೋಡಿದವರು ಎಲ್ಲಾ ಸುಖವಾಯಿತು ಎನ್ನುತ್ತಾರೆ. ಇವಳು ಮಾತ್ರ ಆಸ್ಪತ್ರೆಯ ಅಂಗಳದಲ್ಲಿ ವ್ಯಾನಿನ ಮೆಟ್ಟಿಲ ಮೇಲೆ ಕೂತು, ಕೈಯನ್ನೇ ನೋಡಿಕೊಳ್ಳುತ್ತಾ ಹೇಳಿದಳು:

‘ಮಾವ, ಉಜ್ಜಿದ್ರೂ ಅಳದೆ ಇದ್ದಿದ್ರೆ ಮುಂದೇನು ಮಾಡಬೇಕು ಅಂತ ನಂಗೆ ಗೊತ್ತಿರ್ಲಿಲ್ಲ.’

‘ಅತ್ತಿತಲ್ಲೇ ಕೂಸೇ, ಬಿಡು.’

‘ಅದು ಅತ್ತಿದ್ದು ಅದರ ಪುಣ್ಯ. ನಂಗೆ ಗೊತ್ತಿರ್ಲಿಲ್ಲ ಅಂದೆ. ಇನ್ನೊಂದ್ಸಲ ಗೊತ್ತಿಲ್ಲದೆ ನಿಲ್ಲಲ್ಲ ನಾನು.’

ಮಾರನೆಯ ದಿನವೇ ತಮ್ಮ ಕಚೇರಿಗೆ ಬಂದು ನಿಯಮದ ಹಾಳೆ ತೆಗೆದುಕೊಂಡು ಹೋದಳು. ನಿಲ್ಲಿಸಿದ್ದ ಓದನ್ನು ಮುಗಿಸಿದಳು. ಹತ್ತೊಂಬತ್ತರ ಹುಡುಗಿಯರ ನಡುವೆ ಕೂತು ಜೀವಶಾಸ್ತ್ರದ ಪರೀಕ್ಷೆ ಬರೆದಳು, ಒಮ್ಮೆ ಡುಮ್ಕಿ, ಎರಡನೆಯ ಸಲ ಪಾಸು. ಅವಳ ತಾಯಿ, ನನ್ನ ತಂಗಿ, ‘ಅಣ್ಣ, ಇವಳು ಭರಣಿ ಒರೆಸ್ತಾ ಮೂಳೆಗಳ ಹೆಸರು ಹೇಳ್ಕೋತಾಳೆ, ನಂಗೆ ಹೆದರಿಕೆ ಆಗುತ್ತೆ’ ಎನ್ನುತ್ತಿದ್ದಳು. ತಮ್ಮ ಪ್ರವೇಶ ಪರೀಕ್ಷೆಯಲ್ಲಿ ಇನ್ನೂರು ಜನರಲ್ಲಿ ಒಂಬತ್ತನೆಯವಳು. ಸೀಟು ಇಪ್ಪತ್ತು. ಉಳಿದದ್ದು ಅರ್ಜಿ ತುಂಬುವುದೊಂದೇ.

ಎರಡು ಪ್ಯಾರಾ ಕೇಳಿದ್ದೆ, ಎಷ್ಟೋ ಆದವು. ಧೈರ್ಯ ಇನ್ನೂ ಬಂದಿಲ್ಲ. ಆದರೂ ಹೇಳಿಬಿಡುತ್ತೇನೆ. ಆ ಅರ್ಜಿಯನ್ನು ತುಂಬಿದವನು ನಾನು.

ನಮ್ಮ ಬೀದಿಯಲ್ಲಿ ಯಾರ ಅರ್ಜಿಯಿದ್ದರೂ ತುಂಬುವುದು ನಾನೇ. ಅಕ್ಷರ ಚೆಂದ ಎಂದು ಕರೆಯುತ್ತಾರೆ, ನಾನು ಹೋಗುತ್ತೇನೆ, ಕರೆಯದಿದ್ದರೂ ಹೋಗುತ್ತೇನೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಕಾಲಂ ಹದಿನಾಲ್ಕು: ಅನುಭವ. ಅವಳು ಹೇಳಿದ್ದು, ‘ನೂರಾ ಹನ್ನೆರಡು ಹೆರಿಗೆಗಳಲ್ಲಿ ತಾಯಿಯ ಜೊತೆಗಿದ್ದೆ.’ ನನಗೆ ಅದು ಸಪ್ಪೆ ಎನಿಸಿತು. ಬೇಕರಿಯವನು ‘ಬ್ರೆಡ್ಡು ಸಿಗುತ್ತದೆ’ ಎಂದು ಬರೆಯಿರಿ ಎಂದರೆ ನಾನು ‘ಊರಿಗೇ ಹೆಸರಾದ ಬ್ರೆಡ್ಡು’ ಎಂದು ಬರೆಯುವವನು. ಹಲ್ಲಿನ ಡಾಕ್ಟರಿಗೆ ನಾನಾಗಿಯೇ ‘ನೋವೆಂಬುದೇ ಇಲ್ಲ’ ಎಂದು ಸೇರಿಸಿದವನು. ನಲವತ್ತು ವರ್ಷ ಬೋರ್ಡು ಬರೆದ ಕೈ ಅರ್ಜಿಯನ್ನೂ ಬೋರ್ಡೆಂದೇ ತಿಳಿಯಿತು. ಹಾಗಾಗಿ ಬರೆದೆ: ‘ನೂರಾ ಹನ್ನೆರಡು ಹೆರಿಗೆಗಳನ್ನು ತನ್ನ ಕೈಯಾರೆ ಯಶಸ್ವಿಯಾಗಿ ಮಾಡಿಸಿರುತ್ತಾರೆ.’ ಕೆಳಗಿನ ಕಾಲಂ ಖಾಲಿ ಕಾಣಿಸಿತು. ಅಲ್ಲಿ, ‘ಇವರ ಗಿಡಮೂಲಿಕೆಗೆ ಬಗ್ಗದ ಕಾಯಿಲೆ ಇಲ್ಲ’ ಎಂದು ಸೇರಿಸಿದೆ. ‘ಯಶಸ್ವಿಯಾಗಿ’ ಎನ್ನುವುದನ್ನು ಸ್ವಲ್ಪ ದಪ್ಪವಾಗಿಯೂ ಬರೆದೆ.

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಯಾರಿಗೋ ನೋವು ಶುರುವಾಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳ ಮುಂದೆ ಅರ್ಜಿ ಹಿಡಿದೆ. ‘ಎಲ್ಲಾ ಸರಿಯಾಗಿ ಬರೆದಿದ್ದೀಯ ತಾನೇ ಮಾವ?’ ಎಂದಳು. ‘ಬರೆದವನು ಯಾರು ಅಂದ್ಕೊಂಡಿದ್ದೀಯ?’ ಎಂದೆ. ನಕ್ಕು, ವ್ಯಾನಿನ ಬಾಗಿಲ ಮೇಲೆ ಹಾಳೆಯಿಟ್ಟು ಸಹಿ ಹಾಕಿದಳು. ನೂರಾ ಹನ್ನೆರಡು ತಾಯಂದಿರಿಗೆ ‘ಓದದೆ ಸಹಿ ಹಾಕಬೇಡ’ ಎಂದವಳು ಅವತ್ತು ಓದದೆ ಸಹಿ ಹಾಕಿದಳು. ಏಕೆಂದರೆ ಬರೆದವನು ಸ್ವಂತ ಸೋದರಮಾವ.

ಹಿಂಬರಹ ಬಂದ ಮೇಲೆ ಕೊನೆಯ ಕಿಟಕಿಯ ಗುಮಾಸ್ತರು ಕಡತ ತೆಗೆದು ನನಗೇ ತೋರಿಸಿದರು. ‘ಯಾರ್ರೀ ಬರೆದಿದ್ದು ಇದನ್ನ?’ ಎಂದರು. ‘ನಾನೇ ಸಾರ್’ ಎಂದೆ. ‘ಸಹಿ?’ ‘ಅವಳದ್ದು.’ ‘ಹಾಗಾದ್ರೆ ಅವರೇ ಬರೆದ ಹಾಗೆ. ಅಕ್ಷರ ಮಾತ್ರ ಬಹಳ ಚೆನ್ನಾಗಿದೆ ರೀ’ ಎಂದರು. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲೂ ನನಗೆ ಒಂದು ಕ್ಷಣ ಖುಷಿಯಾಯಿತು. ಆಮೇಲೆ ಅವರು ಒಂದು ದಾರಿ ಹೇಳಿದರು. ಮಾವ ಮೋಸದಿಂದ ಸಹಿ ಹಾಕಿಸಿಕೊಂಡ ಎಂದು ಅವಳು ನನ್ನ ಮೇಲೆ ಪೊಲೀಸಿಗೆ ದೂರು ಕೊಟ್ಟು, ಅದರ ಪ್ರತಿ ತಂದರೆ ಕಡತವನ್ನು ಮತ್ತೆ ಮೇಲಕ್ಕೆ ಕಳಿಸಬಹುದಂತೆ. ನಾನು ಓಡೋಡಿ ಬಂದು, ‘ಕೊಡೇ ದೂರು! ನಾನೇ ಬರೆದುಕೊಡ್ತೀನಿ’ ಎಂದೆ.

‘ಇನ್ನೂ ಬರೆಯೋ ಆಸೆ ಹೋಗಿಲ್ವಾ ನಿಂಗೆ?’ ಎಂದಳು. ಆಮೇಲೆ, ‘ನೀನು ಮೋಸ ಮಾಡಿಲ್ಲ ಮಾವ. ಬಡಾಯಿ ಕೊಚ್ಚಿದೆ. ಎರಡೂ ಬೇರೆ ಬೇರೆ. ಓದದೆ ಇದ್ದೋಳು ನಾನು’ ಎಂದಳು.

ಅವಳು ನನ್ನನ್ನು ಬೈದಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ. ತಮ್ಮ ಆದೇಶದ ಪ್ರತಿ ಆಸ್ಪತ್ರೆಗೂ ಹೋಗಿದೆ. ಅವರು ಅವಳ ಜೊತೆಗಾತಿಯ ಪಾಸನ್ನೂ ಕಿತ್ತುಕೊಂಡಿದ್ದಾರೆ. ಈಗ ಕಾಲುಗಡೆಯಂತೂ ಇಲ್ಲ, ತಲೆಗಡೆಯೂ ಇಲ್ಲ. ಮೊನ್ನೆ ಒಬ್ಬ ತುಂಬುಬಸುರಿ ಗಂಡನ ಜೊತೆ ಬಾಗಿಲಿಗೆ ಬಂದು ‘ಅಕ್ಕ, ನೀನು ಬರ್ತೀನಿ ಅಂದಿದ್ದೆಯಲ್ಲ’ ಎಂದು ನಿಂತಳು. ಇವಳು ಅವಳ ಕೈ ಹಿಡಿದು, ಉಸಿರು ಹೇಗೆ ಎಣಿಸಬೇಕೆಂದು ಹೊಸಿಲಲ್ಲೇ ಕೂರಿಸಿ ಅವಳ ಗಂಡನಿಗೆ ಹೇಳಿಕೊಡುತ್ತಿದ್ದಳು. ಅವನು ತಪ್ಪು ತಪ್ಪು ಎಣಿಸುತ್ತಿದ್ದ. ನಾನು ಒಳಗೆ ಹೋಗಿ ಆ ಭರಣಿಗಳ ಎದುರು ನಿಂತೆ. ಹತ್ತೊಂಬತ್ತು ಕಡೆ ಕೆಂಪು ಅಕ್ಷರ ಕಂಡವು. ನನ್ನ ಕೈಬರಹದಿಂದ ಈ ಮನೆಗೆ ಆದ ಉಪಕಾರವೆಂದರೆ ಅದಿಷ್ಟೇ, ಅದೂ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದದ್ದರಿಂದ.

ಈಗ ತಮ್ಮನ್ನು ಕೇಳುತ್ತೇನೆ. ನನ್ನದು ತಪ್ಪು, ಒಪ್ಪಿದೆ. ಆದರೆ ಆ ಅರ್ಜಿಯ ಜೊತೆ ಲಗತ್ತುಗಳು ಇರಲಿಲ್ಲವೇ? ಲಗತ್ತು ಮೂರು ಹಿರಿಯ ಸೂಲಗಿತ್ತಿಯ ಪತ್ರ. ‘ಹನ್ನೊಂದು ವರ್ಷದಲ್ಲಿ ಈಕೆ ತನ್ನ ಮೇರೆ ಮೀರಿ ಒಂದು ಬೆರಳು ಮುಂದಿಟ್ಟದ್ದನ್ನು ನಾನು ಕಂಡಿಲ್ಲ’ ಎಂದು ಬರೆದಿದ್ದಾರೆ. ಲಗತ್ತು ನಾಲ್ಕು ಅವಳದೇ ನೋಟುಬುಕ್ಕು. ನೂರಾ ಹನ್ನೆರಡು ಹೆರಿಗೆಗೆ ನೂರಾ ಹನ್ನೆರಡು ಸಾಲು. ತಾರೀಖು, ಗಂಟೆ, ‘ಮಗುವನ್ನು ಹಿಡಿದವರು’ ಎಂಬ ಕಡೆ ಆ ಸೂಲಗಿತ್ತಿಯ ಅಥವಾ ಡಾಕ್ಟರ ಹೆಸರು. ಅವಳ ಅಕ್ಷರ ಇರುವೆ ಸಾಲಿನ ಹಾಗಿದೆ, ಒಪ್ಪುತ್ತೇನೆ. ಹಾಗೆಂದು ನಲವತ್ತು ಪುಟ ನಿಜವನ್ನು ಮುಟ್ಟದ ತಾವು ಒಂದೇ ಸಾಲು ಸುಳ್ಳನ್ನು ಎಷ್ಟು ಭಕ್ತಿಯಿಂದ ನಂಬಿದಿರಿ! ದಪ್ಪಕ್ಷರವಾದರೆ ಮಾತ್ರ ಓದುವುದು ತಮ್ಮ ಪದ್ಧತಿಯೇ? ‘ಗಿಡಮೂಲಿಕೆಗೆ ಬಗ್ಗದ ಕಾಯಿಲೆ ಇಲ್ಲ’ ಎಂಬುದನ್ನು ಓದಿ ಒಬ್ಬರಾದರೂ ನಗಲಿಲ್ಲವೇ? ಯಾವನೋ ಬೋರ್ಡು ಬರೆಯುವವನ ಕೈಚಳಕ ಇದು, ಆ ಹೆಣ್ಣುಮಗಳನ್ನು ಒಮ್ಮೆ ಕರೆದು ಕೇಳೋಣ ಎಂದು ಅನಿಸಲಿಲ್ಲವೇ? ಗೂಡಂಗಡಿಯವನ ಮೇಲೆ ಕ್ರಮ ಕೈಗೊಳ್ಳುವ ಮೊದಲೂ ನೋಟೀಸು ಕೊಡುತ್ತಾರೆ. ಇವಳಿಗೆ ಅದೂ ಇಲ್ಲ.

ಪತ್ರ ಇಲ್ಲಿಗೆ ಮುಗಿಸಿ, ಎಲ್ಲರೂ ಓದಲೆಂದು ಊರ ಪತ್ರಿಕೆಯಲ್ಲಿ ಅಚ್ಚಿಗೆ ಕೊಡುವ ಮೊದಲು ಅವಳಿಗೆ ಓದಲು ಕೊಟ್ಟೆ. ಬುದ್ಧಿ ಬಂದಿದೆ ನನಗೆ. ಪೆನ್ಸಿಲು ಹಿಡಿದು, ಪ್ರತಿ ಸಾಲಿಗೂ ಬೆರಳಿಟ್ಟು ಓದಿದಳು. ನನ್ನ ಬಗ್ಗೆ ನಾನೇ ಬರೆದುಕೊಂಡಿದ್ದ ಹದಿನಾರು ಸಾಲು ಹೊಡೆದುಹಾಕಿದಳು. ಮೇಲೆ ಉಳಿದಿರುವುದು ಅವಳ ಕರುಣೆಯಿಂದ ಉಳಿದದ್ದು. ವ್ಯಾನಿನ ಕಥೆಯ ಹತ್ತಿರ ಬೆರಳು ನಿಂತಿತು.

‘ಮಾವ, ಹೆತ್ತವಳೇ ಹಿಡಿದಳು ಅಂತ ಬರೆದಿದ್ದೀಯ.’

‘ಹೌದು.’

‘ಹಿಡಿದದ್ದು ನಾನು.’

‘ಗೊತ್ತು ಕಣೇ. ಅವರಿಗ್ಯಾಕೆ ಹೇಳ್ಬೇಕು? ಇದೊಂದು ಸಾಕು ಅವರಿಗೆ, ನಿನ್ನನ್ನ ಪೂರ್ತಿ ಮುಗಿಸೋಕೆ!’

‘ಮುಗಿಸ್ಲಿ. ನಾನು ಮಾಡಿದ್ದಕ್ಕೆ ಮುಗಿಸ್ಲಿ. ನೀನು ಬರೆದಿದ್ದಕ್ಕೆ ಬೇಡ.’

ಆಮೇಲೆ ನೋಟುಬುಕ್ಕಿನ ನಕಲು ತಂದು ನನ್ನ ಮುಂದೆ ಹಿಡಿದಳು. ಎಂಬತ್ತೇಳನೆಯ ಸಾಲು. ಇಷ್ಟು ದಿನವಾದರೂ ನಾನೂ ಅದನ್ನು ಓದಿರಲಿಲ್ಲ, ತಮ್ಮ ಹಾಗೆಯೇ. ‘ಮಗುವನ್ನು ಹಿಡಿದವರು: ನಾನು. ಬೇರೆ ಯಾರೂ ಇರಲಿಲ್ಲ. ಮೂವತ್ತನಾಲ್ಕು ಎಣಿಸುವವರೆಗೆ ಅಳಲಿಲ್ಲ. ಮುಂದೇನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಕಲಿಯಬೇಕು.’

ಅರ್ಜಿಯ ಜೊತೆಯಲ್ಲೇ, ತಮ್ಮ ಕೈಗೇ, ಯಾರೂ ಕೇಳುವ ಮೊದಲೇ ಅವಳು ಇದನ್ನು ಕೊಟ್ಟಿದ್ದಳು. ಅದಕ್ಕೇ ವ್ಯಾನಿನ ಕಥೆಯಲ್ಲಿ ನನ್ನ ಸುಳ್ಳನ್ನು ಹಾಗೆಯೇ ಬಿಡಿ ಎಂದು ಅಚ್ಚಿನವರನ್ನು ಕೇಳಿಕೊಂಡಿದ್ದೇನೆ. ನಾನು ಎಂಥವನು, ಅವಳು ಎಂಥವಳು ಎನ್ನುವುದು ಒಂದೇ ಹಾಳೆಯಲ್ಲಿ ತಮಗೆ ಕಾಣಲಿ.

ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ. ತರಬೇತಿ ಒಂದನೇ ತಾರೀಖಿಗೆ ಶುರು. ಅಷ್ಟರೊಳಗೆ ತಾವೇ ಕೂತು ಲಗತ್ತು ನಾಲ್ಕರ ಎಂಬತ್ತೇಳನೆಯ ಸಾಲನ್ನು ಓದಬೇಕು. ಓದಿದ ಮೇಲೆ ಅವಳನ್ನು ಎದುರಿಗೆ ಕೂರಿಸಿ ಏನು ಬೇಕಾದರೂ ಕೇಳಿ, ಅವಳು ನಿಜವನ್ನೇ ಹೇಳುತ್ತಾಳೆ. ಅದು ಅವಳ ದೊಡ್ಡ ಕಾಯಿಲೆ, ಯಾವ ಗಿಡಮೂಲಿಕೆಗೂ ಬಗ್ಗಿಲ್ಲ. ‘ಗೊತ್ತಿರಲಿಲ್ಲ, ಕಲಿಯಬೇಕು’ ಎಂದು ಬರೆದವಳಿಗೆ ಕಲಿಸಲು ತಮ್ಮ ಸಂಸ್ಥೆಯಲ್ಲಿ ಜಾಗವಿಲ್ಲವೆಂದು ಆ ಸಾಲಿನ ಕೆಳಗೆ ತಮ್ಮ ಕೈಯಾರೆ ಬರೆಯಲು ಸಾಧ್ಯವಾದರೆ ಬರೆಯಿರಿ. ನಾನು ಬಾಯಿ ಮುಚ್ಚಿಕೊಂಡು ಹೋಗುತ್ತೇನೆ. ಆಗದಿದ್ದರೆ ಅವಳ ಸೀಟನ್ನು ಅವಳಿಗೆ ಕೊಡಿ. ಮಂಚದ ಆ ತುದಿಯಿಂದ ಈ ತುದಿಗೆ ಆರಡಿ ದೂರ. ಹನ್ನೊಂದು ವರ್ಷ ನಡೆದು ಬಂದಿದ್ದಾಳೆ. ಕೊನೆಯ ಹೆಜ್ಜೆಗೆ ಅಡ್ಡ ಬಿದ್ದಿರುವುದು ನಾನು. ದಾಟಿಸಿ.

ಶಿಕ್ಷೆ ಯಾರಿಗಾದರೂ ಕೊಡಲೇಬೇಕಿದ್ದರೆ ನನಗೆ ಕೊಡಿ. ವಿಳಾಸ ಹುಡುಕುವ ಕಷ್ಟ ಬೇಡ. ನಾಳೆಯಿಂದ ಬೆಳಿಗ್ಗೆ ಹತ್ತಕ್ಕೆ ‘ವಿಚಾರಣೆ’ ಬೋರ್ಡಿನ ಕೆಳಗೆ ನಿಂತಿರುತ್ತೇನೆ.

ಇಂತಿ,
ಹೇಳಿದಷ್ಟೇ ಬರೆಯುವುದನ್ನು ಅರವತ್ತೆರಡನೇ ವಯಸ್ಸಿನಲ್ಲಿ ಕಲಿಯುತ್ತಿರುವ,
ತಮ್ಮ ಕಚೇರಿಯ ಬೋರ್ಡು ಬರೆದವನು

(ಓದಿದ್ದೇನೆ. ಓದಿ ಸಹಿ ಹಾಕಿದ್ದೇನೆ. — ಅವನ ತಂಗಿಯ ಮಗಳು)